ಪ್ಯಾರಿಸ್‌ಗೆ ವಿಂಡ್ಸರ್ ಲೆಕ್ಕ

ಮಾರ್ಚ್ 28, 2009, ಶನಿವಾರ. ಟ್ರಾಯ್

ದೇವಸ್ಥಾನದ ಯುಗಾದಿ ಊಟದಲ್ಲಿ ಪ್ಯಾರಿಸ್ ವಿಷಯ ಬಾಯಿಬಿಟ್ಟೆ. ಹೊರಡುವವರೆಗೆ ಯಾರಿಗೂ ಹೇಳಬಾರದು ಎಂದು ಹೆಂಡತಿಗೆ ತಾಕೀತು ಮಾಡಿದವನು ನಾನೇ. ಆದರೆ ಪೇಪರ್ ತಟ್ಟೆ ಹಿಡಿದು ನಿಂತವರೆಲ್ಲ ಯಾರ ಕೆಲಸ ಹೋಯಿತು, ಯಾರು ಮನೆಯನ್ನು ಬ್ಯಾಂಕಿಗೆ ಬಿಟ್ಟು ಹೊರಟರು ಎಂಬುದನ್ನೇ ಚಿತ್ರಾನ್ನದ ಜೊತೆ ಕಲಸಿಕೊಂಡು ತಿನ್ನುತ್ತಿದ್ದರು. ಯಾರಾದರೂ ಒಬ್ಬರು ಬೇರೆ ಮಾತು ಎತ್ತಬೇಕಿತ್ತು.

ಅಕ್ಷೋಭ್ಯ ತಕ್ಷಣ ಪಕ್ಕಕ್ಕೆ ಬಂದ. ಅವನಿಗೆ ಮದುವೆಯಾಗಿ ಒಂದು ವರ್ಷ. ಹೆಂಡತಿ ಆಶ್ರಿತಾಗೆ ಪ್ಯಾರಿಸ್ ನೋಡುವ ಆಸೆಯಂತೆ. 'ಸರ್, ನಿಮ್ಮ ಶೀಟ್ ಕಳಿಸ್ತೀರಾ?' ಎಂದ. ನನ್ನ ಎಕ್ಸೆಲ್ ಶೀಟಿಗೆ ಇಲ್ಲಿನ ಕನ್ನಡಿಗರಲ್ಲಿ ಒಂದು ಹೆಸರಿದೆ. ನಯಾಗರಾ ಇರಲಿ, ಯೆಲ್ಲೊಸ್ಟೋನ್ ಇರಲಿ, ನಾನು ಮಾಡಿದ ಶೀಟ್ ಹಿಡಿದುಕೊಂಡು ಹತ್ತು ಕುಟುಂಬಗಳು ಹೋಗಿ ಬಂದಿವೆ. ಕಾಲು ಗಂಟೆಗೊಂದು ಸಾಲು ಹಾಕಿರುತ್ತೇನೆ. ಮನೆಗೆ ಬಂದವನೇ ಕಳಿಸಿಬಿಟ್ಟೆ.

ಕಾರಿನಲ್ಲಿ ಇವಳದು ಮತ್ತೆ ಅದೇ ರಾಗ. 'ನನ್ನ ಪಾಸ್‌ಪೋರ್ಟಲ್ಲಿರೋ ಅಮೆರಿಕ ವೀಸಾ ಮುಗಿದುಹೋಗಿದೆಯಲ್ರೀ. ಆಫೀಸಿನ ಲಾಯರ್‌ನ ಒಂದು ಮಾತು ಕೇಳಿ.'

'ವಿಂಡ್ಸರ್‌ಗೆ ಎಷ್ಟು ಸಲ ಹೋಗ್ಬಂದಿಲ್ಲ ನಾವು? ಅದೂ ಬೇರೆ ದೇಶ ತಾನೆ? ಒಂದ್ಸಲನಾದ್ರೂ ನಿನ್ನ ತಡೆದ್ರಾ?'

ತಡೆದಿಲ್ಲ ಎಂಬುದು ಸತ್ಯ. ಕಳೆದ ವರ್ಷ ಅಣ್ಣನ ಮನೆ ಗೃಹಪ್ರವೇಶಕ್ಕೆ ಒಬ್ಬನೇ ಬೆಂಗಳೂರಿಗೆ ಹೋದಾಗ ನಾನು ಚೆನ್ನೈನಲ್ಲಿ ಹೊಸ ವೀಸಾ ಹಾಕಿಸಿಕೊಂಡೆ. ಇವಳದು ಹಳೆಯದೇ ಉಳಿಯಿತು. ಆದರೆ ಇಲ್ಲಿ ಇರಲು ಕೊಟ್ಟ ಎಕ್ಸ್‌ಟೆನ್ಷನ್ ಪೇಪರ್ 2010ರವರೆಗೆ ಇದೆ, ಅದನ್ನು ತೋರಿಸಿಯೇ ಎರಡು ವರ್ಷದಿಂದ ಡೆಟ್ರಾಯ್ಟ್ ಸೇತುವೆ ದಾಟಿ ಕೆನಡಾದ ವಿಂಡ್ಸರ್‌ಗೆ ಹೋಗಿ ಬರುತ್ತಿದ್ದೇವೆ. ಮಗಳು ರಿಯಾ ಇಲ್ಲೇ ಹುಟ್ಟಿದವಳು, ಅವಳ ಚಿಂತೆಯಿಲ್ಲ. ಶೀಟಿನ ಹದಿನಾಲ್ಕನೇ ಸಾಲಿನಲ್ಲಿ ಬರೆದೂ ಇದ್ದೇನೆ: ಅಮೆರಿಕದ ವೀಸಾ ಹಳತಾಗಿದ್ದರೂ ಪರವಾಗಿಲ್ಲ, ಎಕ್ಸ್‌ಟೆನ್ಷನ್ ಪೇಪರ್ ಸಾಕು. ಸ್ವಂತ ಅನುಭವ.

ಅಲ್ಲದೆ ಲಾಯರನ್ನು ಕೇಳಬೇಕಾದರೆ ಎಚ್‌ಆರ್ ಮೂಲಕ ಹೋಗಬೇಕು. ಈ ತಿಂಗಳು ಸೌತ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ಎಚ್‌ಆರ್ ಇರುವ ಮೂರನೇ ಮಹಡಿಗೆ ತಾನಾಗಿ ಹೋಗುವ ಹುಚ್ಚ ಯಾರೂ ಇಲ್ಲ.

ಏಪ್ರಿಲ್ 5, ಭಾನುವಾರ. ಪ್ಯಾರಿಸ್

ಶಿಕಾಗೋದಲ್ಲಿ ವಿಮಾನ ಬದಲಾಯಿಸಿ ಬೆಳಿಗ್ಗೆ ಬಂದಿಳಿದೆವು. 'ಐಫೆಲ್ ಗೋಪುರ ಕಾಣುವ ಹೋಟೆಲ್' ಎಂದು ಹಾಕಿದ್ದರು. ಕಾಣುತ್ತದೆ, ಸುಳ್ಳಲ್ಲ. ಬಚ್ಚಲಿನ ಕಿಟಕಿಯಲ್ಲಿ ಕಮೋಡಿನ ಮೇಲೆ ಹತ್ತಿ ನಿಂತರೆ ಕಡ್ಡಿಯಷ್ಟು ಕಾಣುತ್ತದೆ. ರಿಯಾ ಹತ್ತಿ ನೋಡಿದಳು. 'ದಟ್ಸ್ ಇಟ್?' ಎಂದಳು. ಎಂಟು ವರ್ಷದ ಮಕ್ಕಳಿಗೆ ತೃಪ್ತಿ ಎಂಬುದೇ ಇಲ್ಲ.

ಮನೆಯಿಂದ ತಂದಿದ್ದ ರೈಸ್ ಕುಕ್ಕರ್ ಪ್ಲಗ್ ಹಾಕಿದ ಅರ್ಧ ನಿಮಿಷಕ್ಕೆ ಹೊಗೆ ಬಿಟ್ಟಿತು. ಅಮೆರಿಕದ ನೂರಿಪ್ಪತ್ತು ವೋಲ್ಟಿನ ಕುಕ್ಕರ್, ಇಲ್ಲಿನ ಇನ್ನೂರ ಮೂವತ್ತು ವೋಲ್ಟಿನ ಗೋಡೆ. ಹನ್ನೆರಡು ವರ್ಷದಿಂದ ಕಾರುಗಳ ವೈರಿಂಗ್ ಡಿಸೈನ್ ಮಾಡುತ್ತಿರುವವನು ನಾನು. ಇವಳು ನಗಲಿಲ್ಲ, ಕಿಟಕಿ ತೆಗೆದಳು. ನಕ್ಕಿದ್ದರೆ ವಾಸಿಯಿತ್ತು. ರಾತ್ರಿ ಊಟಕ್ಕೆ ಅವಲಕ್ಕಿ.

ಏಪ್ರಿಲ್ 7, ಮಂಗಳವಾರ

ಮಂಗಳವಾರ ಜನ ಕಡಿಮೆ ಎಂದು ದೊಡ್ಡ ಮ್ಯೂಸಿಯಮ್ಮನ್ನು ಇವತ್ತಿಗೆ ಹಾಕಿದ್ದೆ. ಜನ ಕಡಿಮೆಯೇ ಇದ್ದರು, ಏಕೆಂದರೆ ಮಂಗಳವಾರ ಬಾಗಿಲು ಹಾಕಿರುತ್ತಾರೆ. ಬಾಗಿಲ ಮುಂದೆ ನಮ್ಮ ಹಾಗೆಯೇ ಪೆಚ್ಚುಮೋರೆ ಹಾಕಿಕೊಂಡ ಇನ್ನೂ ನಲವತ್ತು ಜನ ಫೋಟೋ ತೆಗೆದುಕೊಳ್ಳುತ್ತಿದ್ದರು.

ಶೀಟ್ ಕೆಡಬಾರದೆಂದು ನಾಳಿನ ಸಾಲುಗಳನ್ನು ಇವತ್ತಿಗೆ ತಂದು ಗುಡ್ಡದ ಮೇಲಿನ ಬಿಳಿ ಇಗರ್ಜಿಗೆ ಹೊರಟೆವು. ಮೆಟ್ಟಿಲ ಬುಡದಲ್ಲಿ ನಾಲ್ಕು ಜನ ಬಣ್ಣದ ದಾರ ಹಿಡಿದು ನಿಂತಿದ್ದರು. ಇವಳು ದೇವಸ್ಥಾನದ ಅಭ್ಯಾಸದಲ್ಲಿ ಬಲಗೈ ಚಾಚಿಬಿಟ್ಟಳು. ರಕ್ಷೆ ಕಟ್ಟುತ್ತಾರೆ ಎಂದುಕೊಂಡಳಂತೆ, ಕಣ್ಣು ಬೇರೆ ಮುಚ್ಚಿದ್ದಳು. ಅವನು ಗಂಟು ಬಿಗಿದು ದುಡ್ಡು ಕೇಳಿದ. ಮಿಕ್ಕ ಮೂವರು ಸುತ್ತ ನಿಂತರು. ರಿಯಾ ಅಳಲು ಶುರು ಮಾಡಿದಳು. ಕೊಟ್ಟು ಬಿಡಿಸಿಕೊಂಡು ಬಂದೆ.

'ಯಾರು ಕೈ ಕೇಳಿದ್ರೂ ಕೊಡ್ತೀಯಾ ನೀನು?' ಎಂದು ಮೆಟ್ಟಿಲ ಮೇಲೇ ಕೂಗಾಡಿದೆ. ಇವಳು ಹಲ್ಲಿನಿಂದ ದಾರ ಕಚ್ಚಿ ಕಿತ್ತಳು. ಅದಾದ ಮೇಲೆ ಇಡೀ ದಿನ ಅಗತ್ಯಕ್ಕೆ ತಕ್ಕಷ್ಟೇ ಮಾತು.

ಏಪ್ರಿಲ್ 10, ಶುಕ್ರವಾರ

ಊರೆಲ್ಲ ಕ್ಯೂ. ಸುಂದರವಾದದ್ದು ಇಲ್ಲ ಎನ್ನುವುದಿಲ್ಲ. ಆದರೆ ಅದರ ಮುಂದೆ ಮುನ್ನೂರು ಜನರ ಬೆನ್ನು ಇರುತ್ತದೆ. ಇವಳಿಗೆ ನದಿ ಪಕ್ಕದ ಕಲ್ಲಿನ ಮೇಲೆ ಒಂದು ಗಂಟೆ ಸುಮ್ಮನೆ ಕೂರಬೇಕಂತೆ. ಶೀಟಿನಲ್ಲಿ ಇನ್ನೂ ಎರಡು ಸಾಲು ಬಾಕಿ ಇದ್ದವು. ಕೂರಲಿಲ್ಲ. ಬಾಕಿ ಎರಡರಲ್ಲಿ ಒಂದಕ್ಕೆ ರಿಪೇರಿಯ ಸಾರುವೆ ಕಟ್ಟಿದ್ದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಆಫೀಸಿನಲ್ಲಿ ಎಲ್ಲರೂ ಇರಬೇಕು ಎಂದು ಮೇಲ್ ಬಂದಿದೆ. ಕಾರಣ ಬರೆದಿಲ್ಲ.

ಏಪ್ರಿಲ್ 11, ಶನಿವಾರ. ವಿಮಾನದಲ್ಲಿ

ಆದದ್ದನ್ನು ಬರೆದಿಡುತ್ತೇನೆ.

ಏರ್‌ಪೋರ್ಟ್ ಕೌಂಟರಿನ ಹುಡುಗಿ ಇವಳ ಪಾಸ್‌ಪೋರ್ಟನ್ನು ಮೂರು ಸಲ ತಿರುವಿ ಹಳೆಯ ವೀಸಾದ ಮೇಲೆ ಬೆರಳಿಟ್ಟಳು. ನಾನು ಎಕ್ಸ್‌ಟೆನ್ಷನ್ ಪೇಪರ್ ಕೊಟ್ಟೆ. ವಿಂಡ್ಸರ್ ಎಂದೆ, ನಯಾಗರಾ ಎಂದೆ. ಅವಳು ಮೇಲಿನವನನ್ನು ಕರೆದಳು. ಅವನು ಕಂಪ್ಯೂಟರ್ ನೋಡಿ ಸಮಾಧಾನವಾಗಿಯೇ ಹೇಳಿದ: ಪಕ್ಕದ ಕೆನಡಾ, ಮೆಕ್ಸಿಕೋಗಳಿಗೆ ತಿಂಗಳೊಳಗೆ ಹೋಗಿ ಬರುವವರಿಗೆ ಮಾತ್ರ ಆ ರಿಯಾಯಿತಿ. ಸಮುದ್ರ ದಾಟಿ ಬಂದವರಿಗೆ ಇಲ್ಲ. ನೀವೂ ಮಗುವೂ ಹತ್ತಬಹುದು, ಇವರನ್ನು ಹತ್ತಿಸಲು ಆಗುವುದಿಲ್ಲ.

ಹೊಸ ವೀಸಾ ಅಮೆರಿಕದ ದೂತಾವಾಸದಲ್ಲೇ ಆಗಬೇಕು. ಇಲ್ಲಿ ಕಾಯೋಣವೆಂದರೆ ಫ್ರಾನ್ಸಿನ ವೀಸಾ ನಾಳೆಗೆ ಮುಗಿಯುತ್ತದೆ. ಉಳಿದದ್ದು ಚೆನ್ನೈ ಒಂದೇ. ನನ್ನ ವಿಮಾನಕ್ಕೆ ಐವತ್ತು ನಿಮಿಷ ಇತ್ತು, ಸೋಮವಾರ ಎಂಟು ಗಂಟೆ ತಲೆಯಲ್ಲಿ ಕೂತಿತ್ತು. ಇಂಥ ಹೊತ್ತಿನಲ್ಲಿ ಒಬ್ಬರು ತೀರ್ಮಾನ ಮಾಡಬೇಕಾಗುತ್ತದೆ. 'ನೀನು ಬೆಂಗಳೂರಿಗೆ ಹೋಗು. ವಸುಧಾ ಮನೇಲಿರು. ಎರಡು ವಾರದ ಮಾತು. ರಿಯಾನ ನಾನು ಕರ್ಕೊಂಡು ಹೋಗ್ತೀನಿ' ಎಂದು ಸಂಜೆ ವಿಮಾನಕ್ಕೆ ಅಲ್ಲೇ ಟಿಕೆಟ್ ತೆಗೆದುಕೊಟ್ಟೆ. ವಸುಧಾ ಇವಳ ತಂಗಿ, ಬನಶಂಕರಿಯಲ್ಲಿದ್ದಾಳೆ.

ಇವಳು ಟಿಕೆಟ್ ಮಡಿಸಿ ಪರ್ಸಿಗೆ ಹಾಕಿಕೊಂಡಳು. ಒಪ್ಪಿಗೆ ಎಂದೇ ಅರ್ಥ. ರಿಯಾಳ ಜಾಕೆಟ್ಟಿನ ಜಿಪ್ ಕತ್ತಿನವರೆಗೆ ಎಳೆದಳು, ಮತ್ತೆ ಕೆಳಗಿಳಿಸಿದಳು, ಮತ್ತೆ ಎಳೆದಳು.

ಏರ್‌ಲೈನಿನವರು ಹೋಗುವಾಗಲೇ ನೋಡಿ ಹೇಳಬೇಕಿತ್ತು. ಇವಳೂ ಒಂದೇ ಸಲ ಹೇಳಿ ಬಿಟ್ಟುಬಿಟ್ಟಳು. ಅಷ್ಟು ಅನುಮಾನ ಇದ್ದವಳು ಹಟ ಮಾಡಬೇಕಿತ್ತು.

ಏಪ್ರಿಲ್ 13, ಸೋಮವಾರ. ಟ್ರಾಯ್

ಎಂಟು ಗಂಟೆಯ ಮೀಟಿಂಗ್: ಏಪ್ರಿಲ್, ಮೇ ಎರಡೂ ತಿಂಗಳು ಜನರನ್ನು ತೆಗೆಯುತ್ತಾರೆ. ಯಾರನ್ನು ಎಂಬುದು ಆಯಾ ಶುಕ್ರವಾರ ತಿಳಿಯುತ್ತದೆ.

ಈಗ ಲೆಕ್ಕ ನೇರವಾಗಿದೆ. ಇವಳ ವೀಸಾ ನನ್ನ ಕೆಲಸಕ್ಕೆ ಅಂಟಿಕೊಂಡಿದೆ. ನನ್ನ ಕೆಲಸ ಹೋದರೆ ಇವಳಿಗೆ ವೀಸಾ ಇಲ್ಲ. ಚೆನ್ನೈನಲ್ಲಿ ಸಿಕ್ಕ ಮೊದಲ ತಾರೀಕು ಏಪ್ರಿಲ್ 22. ಅಷ್ಟರೊಳಗೆ ಒಂದು ಶುಕ್ರವಾರ ಇದೆ.

ಏಪ್ರಿಲ್ 15, ಬುಧವಾರ

ಪಕ್ಕದ ರಸ್ತೆಯ ಸರಳಾ ಆಂಟಿ ಸ್ಕೂಲ್ ಬಿಟ್ಟ ಮೇಲೆ ರಿಯಾನ ನೋಡಿಕೊಳ್ಳಲು ಒಪ್ಪಿದ್ದಾರೆ. ಸುಹಾಸಿನಿ ತಂಗಿ ವಸುಧಾಳನ್ನು ನೋಡುವ ಆಸೆಯಿಂದ ಪ್ಯಾರಿಸ್‌ನಿಂದ ಹಾಗೇ ಊರಿಗೆ ಹೋದಳು ಎಂದು ಹೇಳಿದ್ದೇನೆ. 'ಹೌದಾ' ಎಂದರು. ಮತ್ತೇನೂ ಕೇಳಲಿಲ್ಲ. ಅದೇ ಮುಜುಗರ.

ಬೆಳಿಗ್ಗೆ ರಿಯಾಳ ತಲೆ ಬಾಚಲು ಇಪ್ಪತ್ತು ನಿಮಿಷ ಹಿಡಿಯಿತು. ಬೈತಲೆ ಸೊಟ್ಟ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. 'ಡಿಡ್ ಅಮ್ಮ ವಾಂಟ್ ಟು ಗೋ ದೇರ್?' ಎಂದಳು. ಬಸ್ಸಿಗೆ ಲೇಟಾಗತ್ತೆ ಎಂದೆ.

ಏಪ್ರಿಲ್ 17, ಶುಕ್ರವಾರ

ನಾನಲ್ಲ. ಎದುರಿನ ಸಾಲಿನಲ್ಲಿ ಮೂವರು. ಒಬ್ಬ ಮಗಳ ಫೋಟೋ ಇರುವ ಲೋಟವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ಹೋದ, ಸಾಮಾನು ತುಂಬಿಕೊಳ್ಳಲು ಕೊಟ್ಟ ಡಬ್ಬ ಬೇಡವೆಂದ.

ಸುಹಾಸಿನಿ ಫೋನಿನಲ್ಲಿ ಹೇಳಿದಳು, ಸಂದರ್ಶನಕ್ಕೆ ನನ್ನ ಕೆಲಸ ಇದೆ ಎಂದು ಕಂಪನಿಯ ಪತ್ರ ಬೇಕಂತೆ, ಹೊಸದು. ಹಳೆಯದು ಇದೆ, ಅದನ್ನೇ ಮೇಲ್ ಮಾಡುತ್ತೇನೆ ಎಂದೆ. 'ಹೊಸದು ಅಂತ ಬರೆದಿದಾರೆ ರೀ.' 'ಕಂಪನಿ ಅದೇ, ನಾನೂ ಅವನೇ. ತಾರೀಕು ಯಾರು ನೋಡ್ತಾರೆ?' ಈ ವಾರ ಮೂರನೇ ಮಹಡಿಗೆ ಹೋಗಿ ನನ್ನ ಹೆಸರು ಹೇಳುವುದು ಹಾವಿನ ಬಾಲ ತುಳಿದ ಹಾಗೆ. ಅದು ಅವಳಿಗೆ ಅಲ್ಲಿಂದ ಅರ್ಥವಾಗುವುದಿಲ್ಲ.

ಏಪ್ರಿಲ್ 19, ಭಾನುವಾರ

ದೇವಸ್ಥಾನದ ಪಾರ್ಕಿಂಗಿನಲ್ಲಿ ಅಕ್ಷೋಭ್ಯ ಸಿಕ್ಕಿದ. 'ಸರ್, ಟಿಕೆಟ್ ಬುಕ್ ಮಾಡಿದೀನಿ. ಮೇ ಕೊನೆಗೆ, ಮೆಮೋರಿಯಲ್ ಡೇ ರಜಕ್ಕೆ. ನಿಮ್ಮ ಶೀಟ್ ಪ್ರಕಾರಾನೇ.' ಆಶ್ರಿತಾಳ ವೀಸಾ ಕೂಡ ಕಳೆದ ವರ್ಷವೇ ಮುಗಿದಿದೆ, ಆದರೆ ಹದಿನಾಲ್ಕನೇ ಸಾಲು ನೋಡಿದ ಮೇಲೆ ಧೈರ್ಯ ಬಂತಂತೆ.

'ಒಳ್ಳೇದು' ಎಂದೆ.

ಕಾರು ತಿರುಗಿಸಿಕೊಂಡು ಬಂದುಬಿಟ್ಟೆ. ಇನ್ನೂ ಐದು ವಾರ ಇದೆ ಅವರಿಗೆ.

ಏಪ್ರಿಲ್ 22, ಬುಧವಾರ

ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಚೆನ್ನೈ ರೈಲ್ವೆ ಸ್ಟೇಷನ್ನಿನಿಂದ. ಗದ್ದಲದಲ್ಲಿ ಅರ್ಧ ಕೇಳಿಸಲಿಲ್ಲ.

'ಕೊಡ್ಲಿಲ್ಲ ರೀ. ಈ ತಿಂಗಳ ಲೆಟರ್ ತನ್ನಿ ಅಂದ್ರು. ಡೆಟ್ರಾಯ್ಟ್ ಅಂತ ನೋಡಿ, ನಿಮ್ಮ ಗಂಡನಿಗೆ ಇವತ್ತು ಕೆಲಸ ಇದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಅಂತ ಕೇಳಿದ್ರು.'

'ಹೊಸದೇ ಬೇಕು ಅಂತ ನೀನು ಗಟ್ಟಿಯಾಗಿ ಹೇಳ್ಬೇಕಿತ್ತು.'

'ಹೇಳಿದ್ದೆ.'

ಹೌದು, ಹೇಳಿದ್ದಳು. ಐದು ದಿನದ ಹಿಂದೆ ನಾನೇ ಇಲ್ಲಿ ಬರೆದಿದ್ದೇನೆ. ಪುಟ ತಿರುಗಿಸಿ ನೋಡಿದೆ. ವೀಸಾ ವಿಷಯವನ್ನು ಮಾರ್ಚಿನಲ್ಲೂ ಹೇಳಿದ್ದಳು.

ಏಪ್ರಿಲ್ 23, ಗುರುವಾರ

ಹೋಗಿ ಕೇಳಿದೆ.

ಮೂರನೇ ಮಹಡಿಗಿಂತ ಮೊದಲು ಮ್ಯಾನೇಜರ್ ಡೆನಿಸ್ ಹತ್ತಿರ ಹೋದೆ. ಎಂಟು ವರ್ಷದಲ್ಲಿ ಅವನ ಹತ್ತಿರ ನನಗಾಗಿ ಏನನ್ನೂ ಕೇಳಿದವನಲ್ಲ. ಎಲ್ಲ ಹೇಳಿದೆ, ವಿಂಡ್ಸರ್ ಸಮೇತ. ತಪ್ಪು ಯಾರದು ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವನು ಬಾಗಿಲು ಮುಚ್ಚಿದ. 'ಪತ್ರ ಇವತ್ತೇ ಕೊಡಿಸ್ತೀನಿ. ಇವತ್ತೇ ಕಳಿಸು. ಮುಂದಿನ ವಾರಕ್ಕೆ ಇಟ್ಟುಕೊಳ್ಳಬೇಡ' ಎಂದ. ಮಾಮೂಲಾಗಿ ಇಷ್ಟು ಅವಸರ ಮಾಡುವ ಆಸಾಮಿ ಅಲ್ಲ. ಮುಂದಿನ ವಾರ ಅವನಿಗೆ ಪುರುಸೊತ್ತು ಇರುವುದಿಲ್ಲವೇನೋ.

ನಾಲ್ಕು ಗಂಟೆಗೆ ಪತ್ರ ಕೈಗೆ ಬಂತು. ಸ್ಕ್ಯಾನ್ ಮಾಡಿ ಕಳಿಸಿದೆ.

ಏಪ್ರಿಲ್ 25, ಶನಿವಾರ

ಅಕ್ಷೋಭ್ಯನ ಅಪಾರ್ಟ್‌ಮೆಂಟಿಗೆ ಹೋದೆ. ರಿಯಾ ಜೊತೆಗಿದ್ದಳು. ಕಾಫಿ ಬರುವ ಮೊದಲೇ ಹೇಳಿಬಿಟ್ಟೆ, ಕಾಫಿ ಕುಡಿದ ಮೇಲೆ ಬಾಯಿ ಬರುತ್ತದೆಂಬ ನಂಬಿಕೆ ಇರಲಿಲ್ಲ. ಸುಹಾಸಿನಿ ಆಸೆಪಟ್ಟು ಊರಿಗೆ ಹೋಗಿದ್ದಲ್ಲ, ಸಿಕ್ಕಿಹಾಕಿಕೊಂಡದ್ದು. ಹದಿನಾಲ್ಕನೇ ಸಾಲು ತಪ್ಪು.

ಆಶ್ರಿತಾ ಒಳಗೆ ಹೋದಳು. ಅಕ್ಷೋಭ್ಯ ತಲೆ ತಗ್ಗಿಸಿ ಕೂತಿದ್ದ. 'ಭಾನುವಾರ ಸಿಕ್ಕಾಗ ನಿಮಗೆ ಗೊತ್ತಿತ್ತಾ ಸರ್?'

'ಗೊತ್ತಿತ್ತು.'

'ಟಿಕೆಟ್ ವಾಪಸ್ ಕೊಡಕ್ಕೆ ಬುಧವಾರ ಕೊನೇ ದಿನ ಆಗಿತ್ತು.'

ಮನೆಗೆ ಬಂದು ಶೀಟ್ ತೆಗೆದುಕೊಂಡಿದ್ದ ಎಲ್ಲರಿಗೂ ಮೇಲ್ ಬರೆದೆ. ಇಪ್ಪತ್ತೇಳು ಜನ. ಮೊದಲು 'ನಿಯಮ ಬದಲಾಗಿದೆ' ಎಂದು ಬರೆದಿದ್ದೆ, ಅಳಿಸಿದೆ. ಈಗ ಊರಿಗೆಲ್ಲ ಗೊತ್ತಾಗುತ್ತದೆ. ಆಗಲಿ.

ಏಪ್ರಿಲ್ 26, ಭಾನುವಾರ

ಸರಳಾ ಆಂಟಿ ಬಿಸಿಬೇಳೆಬಾತ್ ತಂದುಕೊಟ್ಟರು. 'ಮೇಲ್ ನೋಡ್ದೆ. ನನಗೆ ಮೊದಲ್ನೇ ದಿನಾನೇ ಗೊತ್ತಾಯ್ತಪ್ಪ. ತಂಗಿ ಮನೆಗೆ ಹೋಗೋಳು ಮಗಳ ಬಟ್ಟೆ ಎಲ್ಲಿದೆ ಅಂತ ಹೇಳಕ್ಕೆ ನನಗ್ಯಾಕೆ ದಿನಾ ಫೋನ್ ಮಾಡ್ತಾಳೆ?'

ಸುಹಾಸಿನಿ ಅವರಿಗೆ ದಿನಾ ಫೋನ್ ಮಾಡುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ನನ್ನ ಸುಳ್ಳನ್ನು ಅವಳು ಬಯಲು ಮಾಡಿಯೂ ಇರಲಿಲ್ಲ.

ಏಪ್ರಿಲ್ 30, ಗುರುವಾರ

ವೀಸಾ ಬಂತು. ಪಾಸ್‌ಪೋರ್ಟ್ ಕೈಗೆ ಸಿಕ್ಕಿತಂತೆ. ಮೇ 8ಕ್ಕೆ ಇಲ್ಲಿರುತ್ತಾಳೆ. ಟಿಕೆಟ್ ಆಯಿತು. ರಿಯಾ ಫ್ರಿಜ್ಜಿನ ಮೇಲೆ ಎಂಟು ಚೌಕ ಬರೆದು ಅಂಟಿಸಿದ್ದಾಳೆ.

ಊರಿನ ದೊಡ್ಡ ಕಾರ್ ಕಂಪನಿಯೊಂದು ಇವತ್ತು ದಿವಾಳಿ ಅರ್ಜಿ ಹಾಕಿದೆ. ನಮ್ಮ ವೈರಿಂಗಿನ ಅರ್ಧ ಹೋಗುವುದು ಅಲ್ಲಿಗೇ. ಆಫೀಸಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ಮೇ 1, ಶುಕ್ರವಾರ

ನಾನು.

ಮೇ 22 ಕೊನೆಯ ದಿನ. ಅಲ್ಲಿಯವರೆಗೆ ಸಂಬಳದ ಪಟ್ಟಿಯಲ್ಲಿ ಹೆಸರಿರುತ್ತದೆ, ಕೆಲಸಕ್ಕೆ ಬರುವುದು ಬೇಡ. ಡೆನಿಸ್ ನನ್ನ ಮುಖ ನೋಡಲಿಲ್ಲ. 'ಪತ್ರ ತಲುಪಿತಾ?' ಎಂದು ಮಾತ್ರ ಕೇಳಿದ. ತಲುಪಿತು ಎಂದೆ. ತಲೆ ಆಡಿಸಿದ.

ಮೇ 2, ಶನಿವಾರ

ಬೆಳಿಗ್ಗೆ ಐದಕ್ಕೆ ಎದ್ದು ಕಂಪ್ಯೂಟರ್ ಮುಂದೆ ಕೂತೆ. ಒಂದು ಕಡೆ ಸುಹಾಸಿನಿ ಬರುವುದು, ಇನ್ನೊಂದು ಕಡೆ ಬಾರದಿರುವುದು. ಬಂದರೆ ಹದಿನಾಲ್ಕು ದಿನ. ಅಷ್ಟರಲ್ಲಿ ಈ ಊರಿನಲ್ಲಿ ಯಾರು ಕೆಲಸ ಕೊಡುತ್ತಾರೆ? 22ಕ್ಕೆ ಮೂವರೂ ಗಂಟುಮೂಟೆ ಕಟ್ಟಬೇಕು. ಹದಿನಾಲ್ಕು ದಿನಕ್ಕಾಗಿ ಅಷ್ಟು ದೂರದಿಂದ ಬಂದು ಹೋಗುವುದು ಲೆಕ್ಕಕ್ಕೆ ಸಿಕ್ಕದ ಮಾತು. ಅಲ್ಲೇ ಇರು, ನಾವೇ ಬರುತ್ತೇವೆ ಎನ್ನುವುದೇ ಸರಿ. ಅಥವಾ ಏನೂ ಹೇಳದೆ ಬರಮಾಡಿಕೊಂಡು ಆಮೇಲೆ ಹೇಳುವುದು. ಎರಡಕ್ಕೂ ಕಾರಣಗಳು ಚೆನ್ನಾಗಿಯೇ ಇದ್ದವು. ಶೀಟ್ ಮುಚ್ಚಿ ಫೋನ್ ಮಾಡಿದೆ.

ಕೆಲಸ ಹೋಯಿತು ಎಂದೆ. ತಾರೀಕು ಹೇಳಿದೆ. ಆಮೇಲೆ, 'ನೀನು ಬರ್ತೀಯಾ, ಇಲ್ಲ ನಾವಿಬ್ರೂ ಅಲ್ಲಿಗೆ ಬರೋಣ್ವಾ? ನೀನೇ ಹೇಳು' ಎಂದೆ.



'ನಿಮಗೆ ಯಾವುದು ಸರಿ ಅನ್ಸತ್ತೆ?' ಎಂದಳು.

'ನನಗೆ ಗೊತ್ತಾಗ್ತಿಲ್ಲ.'

'ಬರ್ತೀನಿ' ಎಂದಳು. 'ಅದು ನನ್ನ ಮನೆ. ನಾನೇ ಖಾಲಿ ಮಾಡ್ಬೇಕು. ಒಂಬತ್ತು ವರ್ಷ ಇದ್ದ ಊರಿಂದ ಯಾರಿಗೂ ಹೇಳ್ದೆ, ಏರ್‌ಪೋರ್ಟಲ್ಲಿ ಯಾರೋ ತಡೆದ್ರು ಅಂತ ಹೊರಟುಬಿಡೋದಾ? ರಿಯಾ ಟೀಚರ್‌ಗೆ ನಾನೇ ಹೋಗಿ ಹೇಳ್ತೀನಿ.'

ನಾನು ಅಳುತ್ತಿದ್ದೇನೆ ಎಂದುಕೊಂಡಿರಬೇಕು, ರಿಯಾ ಬಂದು ಪಕ್ಕದಲ್ಲಿ ಕೂತಳು. ಅತ್ತದ್ದು ನಿಜ.

ಮೇ 8, ಶುಕ್ರವಾರ

ಫ್ರಾಂಕ್‌ಫರ್ಟ್ ವಿಮಾನ ಎರಡೂವರೆಗೆ ಇಳಿಯಿತು. ಮೂರೂವರೆಗೆ ಅದರಲ್ಲಿ ಬಂದವರೆಲ್ಲ ಹೊರಗೆ ಬಂದಾಯಿತು. ನಾಲ್ಕಕ್ಕೆ ವಿಮಾನದ ಸಿಬ್ಬಂದಿ ಬಂದರು, ಅವರ ಹಿಂದೆ ಯಾರೂ ಇರಲಿಲ್ಲ. ರಿಯಾ ನನ್ನ ಕೈ ಹಿಡಿದು ಬಾಗಿಲು ತೆರೆದಾಗಲೆಲ್ಲ ಒತ್ತುತ್ತಿದ್ದಳು. ಒಳಗೆ ಯಾರನ್ನು ಕೇಳಬೇಕು, ಏನೆಂದು ಕೇಳಬೇಕು, ನನಗೆ ಒಂದೂ ತಿಳಿಯಲಿಲ್ಲ.

ನಾಲ್ಕೂಕಾಲು ಗಂಟೆಗೆ ಬಂದಳು. ಸೊರಗಿಹೋಗಿದ್ದಾಳೆ. ರಿಯಾ ಓಡಿಹೋಗಿ ಹೊಟ್ಟೆಗೆ ಮುಖ ಒತ್ತಿದವಳು ಬಿಡಲೇ ಇಲ್ಲ. ಇಮಿಗ್ರೇಷನ್‌ನವರು ಒಳಗಿನ ಕೋಣೆಯಲ್ಲಿ ಕೂರಿಸಿ ಗಂಡನ ಕೆಲಸದ ಬಗ್ಗೆ ಕೇಳಿದರಂತೆ. 'ಇಪ್ಪತ್ತೆರಡರವರೆಗೆ ಇದೆ, ಆಮೇಲೆ ಇಲ್ಲ, ಮನೆ ಪ್ಯಾಕ್ ಮಾಡಕ್ಕೆ ಬಂದಿದೀನಿ ಅಂದೆ' ಎಂದಳು. ನಾನಾಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿರಲಿಲ್ಲ. ಆ ಆಫೀಸರ್ ಸ್ವಲ್ಪ ಹೊತ್ತು ನೋಡಿ, ನನ್ನ ತಮ್ಮನಿಗೂ ಹಾಗೇ ಆಗಿದೆ ಎಂದು ಮುದ್ರೆ ಒತ್ತಿದನಂತೆ.

ಹೇಳಬೇಕಾದ ಮಾತನ್ನು ನಾಲ್ಕು ದಿನದಿಂದ ಜೋಡಿಸಿಟ್ಟುಕೊಂಡಿದ್ದೆ. ಪಾರ್ಕಿಂಗಿನಲ್ಲಿ ಸೂಟ್‌ಕೇಸ್ ಡಿಕ್ಕಿಯಲ್ಲಿಟ್ಟು ಅವಳ ಕಡೆ ತಿರುಗಿದೆ. ಜೋಡಿಸಿದ್ದರಲ್ಲಿ ಒಂದೂ ನೆನಪಿಗೆ ಬರಲಿಲ್ಲ. 'ತಪ್ಪು ನನ್ನದು. ಮೊದಲಿಂದ ಕೊನೇವರೆಗೂ' ಎಂದೆ.

'ಗೊತ್ತು' ಎಂದಳು. 'ನನಗೆ ಆ ಕೌಂಟರ್ ಮುಂದೆನೇ ಗೊತ್ತಾಯ್ತು. ನಿಮಗೆ ಯಾವಾಗ ಗೊತ್ತಾಗತ್ತೆ ಅಂತ ಕಾಯ್ತಿದ್ದೆ. ಫೋನಲ್ಲಿ ನೀನೇ ಹೇಳು ಅಂದ್ರಲ್ಲ, ಆಗ ಗೊತ್ತಾಗಿದೆ ಅನ್ನಿಸ್ತು. ಆಗದೇ ಹೋಗಿದ್ರೆ ವೀಸಾ ಸಿಕ್ಕಿದ್ರೂ ಬರ್ತಿರ್ಲಿಲ್ಲ.'

ಅವಳು ಹಿಂದಿನ ಸೀಟಿನಲ್ಲಿ ರಿಯಾ ಪಕ್ಕ ಕೂತಳು. ಮನೆಯವರೆಗೆ ನಾನೊಬ್ಬನೇ ಮುಂದೆ ಕೂತು ಡ್ರೈವ್ ಮಾಡಿದೆ.